ಮಗು ಪದೇ ಪದೇ ಬೀಳುತ್ತೆ ಅಂತ ಬಂದಾಗ ನಾನು ನೋಡೋದು ಏನನ್ನ?

ಮಗು ದಿನಕ್ಕೆ ಎಷ್ಟು ಸಲ ಬೀಳುತ್ತೆ ಅಂತ ನಾನು ಕೇಳುವುದೇ ಇಲ್ಲ. ಅಪ್ಪ ಅಮ್ಮ ತಾವಾಗಿಯೇ ಹೇಳುತ್ತಾರೆ. ಕೆಲವರು ಮೊಬೈಲಲ್ಲಿ ಬರೆದಿಟ್ಟುಕೊಂಡೇ ಬರುತ್ತಾರೆ. ಹಾಸನದಲ್ಲಿ ಮಕ್ಕಳ ಫಿಸಿಯೋಥೆರಪಿ ಮಾಡುತ್ತಾ ಇಷ್ಟು ವರ್ಷವಾಯಿತು, ಆ ಲೆಕ್ಕದಿಂದ ನನಗೆ ಸಿಕ್ಕಿದ್ದು ಕಡಿಮೆ. 2012ರಲ್ಲಿ ನ್ಯೂಯಾರ್ಕಿನ ಸಂಶೋಧಕರು ಒಂದರಿಂದ ಒಂದೂವರೆ ವರ್ಷದ ಮಕ್ಕಳು ಆಡುವುದನ್ನು ಕೂತು ನೋಡಿ ಎಣಿಸಿದರು. ಗಂಟೆಗೆ ಸರಾಸರಿ 17 ಸಲ ಬಿದ್ದವು! ಅವೆಲ್ಲ ಚೆನ್ನಾಗಿದ್ದ ಮಕ್ಕಳೇ.

ನಾನು ಕೇಳೋದು ಬೇರೆ. ಹೋದ ತಿಂಗಳಿಗಿಂತ ಈ ತಿಂಗಳು ವಾಸಿನಾ, ಹಾಗೇ ಇದೆಯಾ, ಜಾಸ್ತಿ ಆಗಿದೆಯಾ? ಇದಕ್ಕೆ ಅಮ್ಮಂದಿರಿಗಿಂತ ಅಜ್ಜಿಯರು ಸರಿಯಾಗಿ ಉತ್ತರ ಕೊಡುತ್ತಾರೆ. ಯಾಕೆ ಅಂದ್ರೆ ಮಗುವಿನ ಹಿಂದೆ ದಿನವಿಡೀ ಓಡಾಡುವವರು ಅವರೇ.

ಪಕ್ಕದ ಮನೆ ಮಗು ಹತ್ತು ತಿಂಗಳಿಗೇ ನಡೆಯಿತು, ನಮ್ಮದು ಇನ್ನೂ ತೂರಾಡ್ತಾ ಇದೆ ಅಂತ ಗಾಬರಿಯಾಗಿ ಬರುವವರೇ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಆರೋಗ್ಯವಾಗಿರುವ ಮಕ್ಕಳು ಒಬ್ಬರೇ ನಡೆಯಲು ಶುರುಮಾಡುವುದು ಸುಮಾರು 8 ತಿಂಗಳಿಂದ ಹದಿನೇಳೂವರೆ ತಿಂಗಳ ಒಳಗೆ ಯಾವಾಗ ಬೇಕಾದರೂ ಆಗಬಹುದು. ಒಂದೂವರೆ ವರ್ಷ ತುಂಬಿದರೂ ಹೆಜ್ಜೆ ಇಡದಿದ್ದರೆ ಮಾತ್ರ ಸುಮ್ನೆ ಕಾಯಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ.

ಮಗು ಒಳಗೆ ಬಂದ ತಕ್ಷಣ ನಾನು ಮುಟ್ಟುವುದಿಲ್ಲ. ಸಕಲೇಶಪುರ, ಮೂಡಿಗೆರೆ ಕಡೆಯ ಮಕ್ಕಳು ಮಳೆಗಾಲದಲ್ಲಿ ಸ್ವೆಟರ್, ಟೋಪಿ, ಉಣ್ಣೆ ಕಾಲುಚೀಲ ಎಲ್ಲ ಹಾಕಿಕೊಂಡೇ ಬರುತ್ತವೆ. ಮೊದಲು ಕಾಲುಚೀಲ ಬಿಚ್ಚಿಸುತ್ತೇನೆ. ನುಣುಪು ಟೈಲ್ಸ್ ಮೇಲೆ ಉಣ್ಣೆ ಕಾಲುಚೀಲ ಹಾಕಿಕೊಂಡರೆ ದೊಡ್ಡವರೇ ಜಾರ್ತಾರೆ, ಅಲ್ವಾ? ಆಮೇಲೆ ಒಂದು ಚೆಂಡನ್ನು ಉರುಳಿಸಿ ಸುಮ್ಮನೆ ಕೂರುತ್ತೇನೆ.

ಹೊಸದಾಗಿ ನಡೆಯುವ ಮಗು ಕಾಲು ಅಗಲಿಸಿ, ಎರಡೂ ಕೈ ಮೇಲೆತ್ತಿಕೊಂಡು ಬರುತ್ತದೆ. ದಿನ ಕಳೆದಂತೆ ಕೈ ತಾನಾಗಿಯೇ ಕೆಳಗಿಳಿಯುತ್ತದೆ. ಎರಡು ವರ್ಷದವರೆಗೆ ಮಂಡಿ ಸ್ವಲ್ಪ ಬಿಲ್ಲಾಗಿರುವುದು, ಪಾದ ಚಪ್ಪಟೆಯಾಗಿ ಕಾಣುವುದು ಸಾಮಾನ್ಯ. ನನ್ನ ಗಮನ ಇರೋದು ಬೀಳುವ ರೀತಿಯ ಮೇಲೆ. ಕುಂಡಿ ಊರಿ ಕೂತುಬಿಟ್ಟರೆ, ಅಥವಾ ಮುಂದೆ ಬಿದ್ದಾಗ ಅಂಗೈ ಊರಿದರೆ ನನಗೆ ಸಮಾಧಾನ. ಕೈ ಊರದೆ ಮುಖ ಅಡಿಯಾಗಿ ಬಿದ್ದರೆ, ಯಾವಾಗಲೂ ಒಂದೇ ಕಡೆಗೆ ವಾಲಿದರೆ, ಒಂದು ವರ್ಷದೊಳಗೇ ಒಂದೇ ಕೈಯನ್ನು ಬಳಸುತ್ತಿದ್ದರೆ, ಆಗ ಕೆಲಸ ಶುರು.

ಕೊನೆಗೆ ನೆಲದಿಂದ ಏಳುವುದನ್ನು ನೋಡುತ್ತೇನೆ. ಇದು ನನಗೆ ಎಲ್ಲಕ್ಕಿಂತ ಮುಖ್ಯ. ಮೂರು ವರ್ಷ ದಾಟಿದ ಒಬ್ಬ ಹುಡುಗನನ್ನು ಕರೆತಂದಿದ್ದರು. ಮೀನಖಂಡ ದಪ್ಪಗಿದೆ ಅಂತ ತಾತನಿಗೆ ಹೆಮ್ಮೆ. "ಪೈಲ್ವಾನ್ ಆಗ್ತಾನೆ ಮೇಡಂ, ಸ್ವಲ್ಪ ಬೀಳ್ತಾನೆ ಅಷ್ಟೇ" ಅಂದರು. ಚೆಂಡು ಎತ್ತಿಕೊಳ್ಳಲು ಕೂತ ಹುಡುಗ ಏಳುವಾಗ ಮೊದಲು ಬೋರಲಾಗಿ ಕೈ ಊರಿದ, ಆಮೇಲೆ ಮೊಣಕಾಲು ಹಿಡಿದ, ಅಲ್ಲಿಂದ ತೊಡೆ ಹಿಡಿದು ತನ್ನ ಮೈಯನ್ನೇ ಹತ್ತಿದ ಹಾಗೆ ಮೇಲೆದ್ದ. ನಾನು ವ್ಯಾಯಾಮ ಏನೂ ಹೇಳಲಿಲ್ಲ. ಅವತ್ತೇ ಮಕ್ಕಳ ಡಾಕ್ಟರ ಹತ್ತಿರ ಕಳಿಸಿ ಸ್ನಾಯುವಿಗೆ ಹಾನಿಯಾಗಿದೆಯಾ ಅಂತ ತೋರಿಸುವ ಸಿಪಿಕೆ ರಕ್ತಪರೀಕ್ಷೆ ಮಾಡಿಸಲು ಹೇಳಿದೆ. ಗಂಡುಮಕ್ಕಳಲ್ಲಿ ಸ್ನಾಯು ನಿಧಾನವಾಗಿ ಸೋಲುವ ಡುಶೆನ್ ಕಾಯಿಲೆ ಮೊದಲು ಹೀಗೇ ಕಾಣಿಸಿಕೊಳ್ಳುತ್ತದೆ. ಬೇಗ ಗೊತ್ತಾದರೆ ಔಷಧಿಯಿಂದ ನಡೆಯುವ ವರ್ಷಗಳನ್ನು ಹೆಚ್ಚಿಸಿಕೊಳ್ಳಬಹುದು. ಇಂಥದ್ದು ಅಪರೂಪ. ಆದರೂ ಪ್ರತಿ ಮಗುವನ್ನೂ ನೆಲದಿಂದ ಎಬ್ಬಿಸಿ ನೋಡದೆ ನಾನು ಕಳಿಸುವುದಿಲ್ಲ.

ಅಷ್ಟು ಗಂಭೀರವಲ್ಲದ್ದು, ನಮ್ಮ ಕಡೆ ಜಾಸ್ತಿ ಕಾಣೋದು ಕಿವಿ. ಬ್ಯಾಲೆನ್ಸ್ ಅನ್ನೋದು ಕಾಲಿನ ವಿಷಯ ಅಂತ ಎಲ್ಲರೂ ತಿಳಿದಿರುತ್ತಾರೆ. ಕಣ್ಣು, ಒಳಕಿವಿ, ಪಾದ ಮತ್ತು ಕೀಲುಗಳಿಂದ ಬರುವ ಅರಿವು, ಮೂರೂ ಸೇರಿದರೇ ಮಗು ನೆಟ್ಟಗೆ ನಿಲ್ಲೋದು. ಮಲೆನಾಡಿನ ಮಳೆಯಲ್ಲಿ ನೆಗಡಿ ಬಿಟ್ಟೂ ಬಿಡದೆ ಬರುವ ಮಕ್ಕಳಲ್ಲಿ ಕಿವಿತಮಟೆಯ ಹಿಂದೆ ನೀರು ನಿಲ್ಲುತ್ತದೆ. ನೋವಿಲ್ಲ, ಜ್ವರವಿಲ್ಲ, ಆದರೆ ಮಗು ಎಡವುತ್ತದೆ, ಕರೆದರೆ ತಿರುಗುವುದಿಲ್ಲ. "ಹಠ ಜಾಸ್ತಿ, ಕರೆದ್ರೆ ಕೇಳಲ್ಲ" ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕಿವಿ ತೋರಿಸಿ ಅನ್ನುತ್ತೇನೆ. ಆ ನೀರು ಎಷ್ಟೋ ಸಲ ಮೂರು ತಿಂಗಳೊಳಗೆ ತಾನೇ ಹೋಗುತ್ತದೆ. ಹೋಗದಿದ್ದರೆ ಇಎನ್‌ಟಿ ಡಾಕ್ಟರು ನೋಡಬೇಕು. ಶ್ರವಣ ಪರೀಕ್ಷೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ನಿನ್ನೆವರೆಗೆ ಚೆನ್ನಾಗಿ ಓಡಾಡುತ್ತಿದ್ದ ಮಗು ಇವತ್ತು ಇದ್ದಕ್ಕಿದ್ದಂತೆ ತೂರಾಡಿದರೆ ನನ್ನ ಹತ್ತಿರ ಬರಬೇಡಿ, ನೇರ ಆಸ್ಪತ್ರೆಗೆ ಹೋಗಿ. ಸೀತಾಳೆ ಸಿಡುಬಿನಂಥ ವೈರಸ್ ಜ್ವರದ ನಂತರ ಹೀಗಾಗಬಹುದು. ತಾತನ ಫಿಟ್ಸ್ ಮಾತ್ರೆಯನ್ನೋ ನಿದ್ದೆ ಮಾತ್ರೆಯನ್ನೋ ನುಂಗಿದರೂ ಆಗಬಹುದು. ಬೆಳಗ್ಗೆ ಎದ್ದಾಗ ವಾಂತಿ, ತಲೆ ಒಂದು ಕಡೆ ವಾಲಿಸುವುದು, ಕಣ್ಣುಗುಡ್ಡೆ ಅದುರುವುದು, ಕಲಿತದ್ದನ್ನು ಬಿಡುವುದು, ಇವಕ್ಕೂ ಕಾಯುವ ಹಾಗಿಲ್ಲ.

ಉಳಿದ ಮಕ್ಕಳಿಗೆ ನಾನು ಹೇಳೋದು ಸಣ್ಣ ಪುಟ್ಟದ್ದು. ಚಕ್ರದ ವಾಕರ್ ಒಳಗೆ ಕೂರಿಸಬೇಡಿ. ಕೆನಡಾದಲ್ಲಿ 2004ರಲ್ಲೇ ಅದರ ಮಾರಾಟ ನಿಲ್ಲಿಸಿದ್ದಾರೆ. ಅದರಲ್ಲಿ ಮಗು ತನ್ನ ಭಾರವನ್ನು ತಾನು ಹೊರುವುದು ಕಲಿಯುವುದಿಲ್ಲ, ಮೆಟ್ಟಿಲ ಮೇಲಿಂದ ಉರುಳುತ್ತದೆ ಬೇರೆ. ನಿಂತು ತಳ್ಳುವ ಮರದ ಗಾಡಿ ಪರವಾಗಿಲ್ಲ. ಅಂಗಳದಲ್ಲಿ, ಕಾಫಿ ಒಣಗಿಸುವ ಕಣದಲ್ಲಿ ಬರಿಗಾಲಲ್ಲಿ ಬಿಡಿ. ಹಳೇ ಮನೆಯ ಎತ್ತರದ ಹೊಸ್ತಿಲು ದಾಟುವುದಕ್ಕೆ ಎತ್ತಿ ಇಳಿಸಬೇಡಿ, ಬಾಗಿಲ ಚೌಕಟ್ಟು ಹಿಡಿದು ತಾನೇ ದಾಟಲಿ. ಸೊಂಟದ ಮೇಲೆ ಹೊತ್ತು ತಿರುಗೋದು ಕಡಿಮೆ ಮಾಡಿ ಅಂದರೆ ಅತ್ತೆಯಂದಿರಿಗೆ ಸಿಟ್ಟು ಬರುತ್ತದೆ, ಬರಲಿ.

ದುಡ್ಡಿನ ತೊಂದರೆ ಇದ್ದವರು ತಾಯಿ ಕಾರ್ಡ್ ಹಿಡಿದು ಅಂಗನವಾಡಿಯಲ್ಲಿ ಕೇಳಿ. ಮಕ್ಕಳ ಆರೋಗ್ಯ ತಪಾಸಣೆಗೆ ಸರ್ಕಾರ ನಡೆಸುವ ಆರ್‌ಬಿಎಸ್‌ಕೆ ಯೋಜನೆಯ ತಂಡ ಅಲ್ಲಿಗೇ ಬಂದು ಮಕ್ಕಳನ್ನು ನೋಡುತ್ತದೆ, ಚಿಕಿತ್ಸೆ ಬೇಕಾದರೆ ಮುಂದಕ್ಕೆ ಕಳಿಸುತ್ತದೆ. ಯಾರ ಹತ್ತಿರ ಹೋದರೂ ಒಂದು ವಿಡಿಯೋ ಇಟ್ಟುಕೊಂಡು ಹೋಗಿ. ಡಾಕ್ಟರ ಮುಂದೆ ಮಕ್ಕಳು ಅಮ್ಮನ ಸೆರಗು ಬಿಡೋದಿಲ್ಲ. ಬರಿಗಾಲಲ್ಲಿ, ಮಂಡಿ ಕಾಣುವ ಚಡ್ಡಿ ಹಾಕಿಸಿ, ಹಿಂದಿನಿಂದ ಒಂದು ಸಲ, ಪಕ್ಕದಿಂದ ಒಂದು ಸಲ ತೆಗೆಯಿರಿ. ನೆಲದಿಂದ ಏಳುವುದು ಅದರಲ್ಲಿ ಇರಲೇಬೇಕು.