ಸಾಂತಾ ಫೆಯಲ್ಲಿ ನಡೆಯುವ ಪ್ರೇಮಕಥೆ ಬರೆಯುವಾಗ

ಮೊದಲು ವರ್ಷ ಗೊತ್ತು ಮಾಡಿಕೊಳ್ಳಿ. ಸುಮ್ನೆ 'ಸ್ಪೇನಿನವರ ಕಾಲ' ಅಂದರೆ ಸಾಲದು. ನನ್ನ ಕಥೆಗೆ ನಾನು 1779 ಆರಿಸಿಕೊಂಡೆ. ಈಗ ಅಮೆರಿಕ ದೇಶದಲ್ಲಿರುವ ಸಾಂತಾ ಫೆ ಆಗ ಸ್ಪೇನಿನ ನ್ಯೂ ಮೆಕ್ಸಿಕೊ ಪ್ರಾಂತ್ಯದ ರಾಜಧಾನಿ. ಆ ವರ್ಷ ಗವರ್ನರ್ ಆನ್ಸಾ, ಕೊಮಾಂಚೆ ಅನ್ನುವ ಮೂಲನಿವಾಸಿ ಜನರ ನಾಯಕ ಕುಯೆರ್ನೊ ವೆರ್ದೆಯ ಮೇಲೆ ದಂಡೆತ್ತಿ ಹೋದ. ಬರೀ ಸಿಪಾಯಿಗಳಲ್ಲ, ಹೊಲ ಬಿಟ್ಟು ಬಂದ ಹಳ್ಳಿಗರೂ ಜೊತೆಗಿದ್ದರು. ಅವರಲ್ಲೊಬ್ಬ ನನ್ನ ಹುಡುಗ.

ಆಮೇಲೆ ಅಡ್ಡಿ ಹುಡುಕಿ. ಅದಕ್ಕೆ ಖಳನಾಯಕ ಬೇಕಾಗಿಲ್ಲ, ಆ ಕಾಲದ ಕಾನೂನೇ ಸಾಕು. 25 ತುಂಬದವರ ಮದುವೆಗೆ ತಂದೆಯ ಒಪ್ಪಿಗೆ ಬೇಕು ಅನ್ನುವ ರಾಜಾಜ್ಞೆ 1778ರಲ್ಲಿ ಸ್ಪೇನಿನ ಅಮೆರಿಕಕ್ಕೂ ಬಂತು. ಇದಲ್ಲದೆ ಪಾದ್ರಿ ಸಾಕ್ಷಿಗಳನ್ನು ಕರೆಸಿ, ಹುಡುಗ ಹುಡುಗಿ ಸಂಬಂಧಿಗಳೇ ಅಂತ ವಿಚಾರಿಸುತ್ತಿದ್ದ. ಇಲ್ಲಿ ನಾನೇ ತಪ್ಪು ಮಾಡಿದ್ದೆ. ಮೊದಲ ಕರಡಿನಲ್ಲಿ ಹುಡುಗಿಯನ್ನು ಸೋದರಮಾವನ ಮಗನಿಗೆ ಕೊಟ್ಟು ಸಲೀಸಾಗಿ ಮದುವೆ ಮಾಡಿಸಿದ್ದೆ. ನಮ್ಮಲ್ಲಿ ಅದು ಹಕ್ಕಿನ ಸಂಬಂಧ. ಅಲ್ಲಿ ಚರ್ಚಿನ ವಿಶೇಷ ಅನುಮತಿ ಇಲ್ಲದೆ ಆಗದು. ಆ ಅಧ್ಯಾಯವನ್ನು ಪೂರ್ತಿ ಹೊಸದಾಗಿ ಬರೆದೆ. ಈಗ ಕಥೆಯ ಜೀವವೇ ಅದು.

ಮನೆ, ಊಟದ ವಿವರ ಹೆಚ್ಚು ಬೇಡ. ಹಸಿ ಇಟ್ಟಿಗೆಯ ಗೋಡೆ, ಮರದ ತೊಲೆ, ಅಂಗಳದಲ್ಲಿ ಗುಮ್ಮಟದಂಥ ಮಣ್ಣಿನ ಒಲೆ, ಜೋಳ ಅಂದರೆ ಮೆಕ್ಕೆಜೋಳ. ಕೆಂಪು ಮೆಣಸಿನಕಾಯಿ ಖಂಡಿತ ಇರಲಿ. ನಮ್ಮ ಬ್ಯಾಡಗಿಯ ಮೂಲವೂ ಆ ಅಮೆರಿಕ ಖಂಡವೇ ಅಲ್ವಾ?

ಒಂದು ವಿಷಯದಲ್ಲಿ ಮಾತ್ರ ನಾನು ಬಗ್ಗುವುದಿಲ್ಲ. ಸೆರೆಹಿಡಿದು ಮಾರಿದ ಮೂಲನಿವಾಸಿ ಮಕ್ಕಳು, ಹೆಂಗಸರು ಅಲ್ಲಿನ ಸ್ಪ್ಯಾನಿಷ್ ಮನೆಗಳಲ್ಲಿ ಆಳುಗಳಾಗಿದ್ದರು. ಅಂಥವರನ್ನು ಹೆನಿಸಾರೊ ಅನ್ನುತ್ತಿದ್ದರು. ಯಜಮಾನನಿಗೂ ಅಂಥ ಹುಡುಗಿಗೂ ಪ್ರೀತಿ ಹುಟ್ಟಿತು ಅಂತ ದಯವಿಟ್ಟು ಬರೆಯಬೇಡಿ. 'ಒಲ್ಲೆ' ಅನ್ನಲಾಗದವಳ ಮೌನವನ್ನು ಒಪ್ಪಿಗೆ ಮಾಡಿದ ಹಾಗಾಗುತ್ತದೆ. ಅವಳಿಗೂ ಪ್ರೀತಿ ಬೇಕು ಅಂದರೆ 1754ರಲ್ಲಿ ಹೆನಿಸಾರೊಗಳಿಗೆಂದೇ ಜಮೀನು ಕೊಟ್ಟ ಅಬಿಕ್ಯೂ ಊರಿಗೆ ಕಥೆ ಒಯ್ಯಿರಿ. ಅಲ್ಲಿ ಅವಳಿಗೆ ಸ್ವಂತ ಬಾಗಿಲು ಇರುತ್ತದೆ, ಅದನ್ನು ಮುಚ್ಚುವ ಅಧಿಕಾರವೂ ಇರುತ್ತದೆ.

ಕೊನೆಗೆ ಪತ್ರಗಳು. ಓದು ಬರಹ ಬಲ್ಲವರು ಕಡಿಮೆ. ಹುಡುಗ ಹೇಳಿ ಬರೆಸಬೇಕು, ಹುಡುಗಿ ಯಾರಿಂದಲೋ ಓದಿಸಿ ಕೇಳಬೇಕು. ಹಾಗಾಗಿ ಪ್ರೇಮಪತ್ರದಲ್ಲಿ ಪ್ರೇಮದ ಮಾತೇ ಬರೆಯುವಂತಿಲ್ಲ. ನನ್ನ ಹುಡುಗ ಕುರಿಗಳ ಬಗ್ಗೆ ಬರೆಸಿದ. ಯಾವ ಕುರಿ ಅಂತ ಅವಳಿಗೊಬ್ಬಳಿಗೇ ಗೊತ್ತಿತ್ತು.