ಬ್ಯಾಶ್‌ಆರ್‌ಸಿ ಕೆಟ್ಟಿತೇ? ಸಿಸ್ಟಮ್ ಫಾರ್ಮ್ಯಾಟ್ ಮಾಡಬೇಡಿ

ಯಾವುದೋ ಸಾಫ್ಟ್‌ವೇರ್ ಹಾಕಿಕೊಳ್ಳಲು ಹೋಗಿ ಬ್ಯಾಶ್‌ಆರ್‌ಸಿಗೆ, ಅಂದರೆ ಟರ್ಮಿನಲ್ ತೆರೆದಾಗ ತಾನಾಗಿ ಓಡುವ ಸ್ಟಾರ್ಟಪ್ ಫೈಲಿಗೆ, ಒಂದು ಸಾಲು ಸೇರಿಸಿದಿರಿ. ಹೊಸ ಟರ್ಮಿನಲ್ ತೆರೆದರೆ ಫೈಲುಗಳ ಪಟ್ಟಿ ತೋರಿಸುವ ಎಲ್‌ಎಸ್ ಇಲ್ಲ, ಕಾಪಿ ಮಾಡುವ ಸಿಪಿ ಇಲ್ಲ, ಫೈಲ್ ತಿದ್ದುವ ನ್ಯಾನೋ ಇಲ್ಲ. ಏನು ಟೈಪ್ ಮಾಡಿದರೂ ಎರರ್. ಇಷ್ಟಕ್ಕೇ ಗಾಬರಿಯಾಗಿ ಉಬುಂಟುವನ್ನೇ ಹೊಸದಾಗಿ ಹಾಕಿಕೊಳ್ಳುವ ವಿದ್ಯಾರ್ಥಿಗಳಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಪ್ರೋಗ್ರಾಮುಗಳೆಲ್ಲ ಇದ್ದಲ್ಲೇ ಇವೆ. ಎಲ್ಲಿವೆ ಅನ್ನುವುದು ನಿಮ್ಮ ಕಮಾಂಡುಗಳನ್ನು ಓದಿ ಓಡಿಸುವ ಶೆಲ್‌ಗೆ (ಇಲ್ಲಿ ಬ್ಯಾಶ್) ಗೊತ್ತಾಗುತ್ತಿಲ್ಲ, ಅಷ್ಟೇ. ಸಾಮಾನ್ಯವಾಗಿ ಒಂದು ಸಾಲು ತಿದ್ದಿದರೆ ಎಲ್ಲವೂ ಸರಿಹೋಗುತ್ತದೆ.

ಒಂದು ಮಾತು. ಓದಲು ಸುಲಭವಾಗಲಿ ಎಂದು ಇಲ್ಲಿ ಕಮಾಂಡುಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ನೀವು ಟೈಪ್ ಮಾಡುವಾಗ ಇಂಗ್ಲಿಷಿನಲ್ಲೇ ಮಾಡಬೇಕು. ಪಾತ್, ಹೋಮ್, ಜಾವಾ_ಹೋಮ್ ಈ ಮೂರು ವೇರಿಯಬಲ್‌ಗಳ ಹೆಸರು ಕ್ಯಾಪಿಟಲ್ ಅಕ್ಷರದಲ್ಲಿ, ಉಳಿದದ್ದು ಸಣ್ಣ ಅಕ್ಷರದಲ್ಲಿ. ಚಿಹ್ನೆಗಳು ಇಲ್ಲಿರುವಂತೆಯೇ.

ಮೊದಲು ಏನಾಗಿದೆ ನೋಡಿ

ಪಾತ್ ಅನ್ನುವ ವೇರಿಯಬಲ್‌ನಲ್ಲಿ ಫೋಲ್ಡರುಗಳ ಪಟ್ಟಿ ಇರುತ್ತದೆ. ಒಂದು ಫೋಲ್ಡರಿಗೂ ಇನ್ನೊಂದಕ್ಕೂ ನಡುವೆ ಕೋಲನ್. ನೀವು ಎಲ್‌ಎಸ್ ಎಂದು ಹೊಡೆದಾಗ ಶೆಲ್ ಇಡೀ ಡಿಸ್ಕ್ ಹುಡುಕುವುದಿಲ್ಲ. ಈ ಪಟ್ಟಿಯನ್ನು ಎಡದಿಂದ ಬಲಕ್ಕೆ ನೋಡುತ್ತಾ ಹೋಗಿ, ಮೊದಲು ಎಲ್ಲಿ ಸಿಕ್ಕಿತೋ ಅದನ್ನು ಓಡಿಸುತ್ತದೆ. ಹಾಗಾಗಿ ಫೈಲಿಗೆ ಕೈ ಹಾಕುವ ಮೊದಲು ಪಟ್ಟಿ ನೋಡಿ:

ಎಕೋ "$ಪಾತ್"

ಎಲ್ಲಾ ಕೆಟ್ಟಿರುವಾಗ ಎಕೋ ಹೇಗೆ ನಡೆಯುತ್ತದೆ ಅಂತೀರಾ? ಎಕೋ, ಸಿಡಿ, ಎಕ್ಸ್‌ಪೋರ್ಟ್, ಸೋರ್ಸ್ ಇವೆಲ್ಲ ಶೆಲ್‌ನ ಒಳಗೇ ಇರುವ ಕಮಾಂಡುಗಳು. ಇವಕ್ಕೆ ಪಾತ್ ಬೇಕಿಲ್ಲ. ಎಲ್‌ಎಸ್ ಇಲ್ಲದಿದ್ದರೂ ‘ಎಕೋ *’ ಎಂದು ಹೊಡೆದರೆ ಫೋಲ್ಡರಿನಲ್ಲಿರುವ ಫೈಲುಗಳ ಹೆಸರು ಬರುತ್ತದೆ.

ಪಟ್ಟಿಯಲ್ಲಿ ನೀವು ಹೊಸದಾಗಿ ಸೇರಿಸಿದ ಫೋಲ್ಡರ್ ಒಂದೇ ಇದ್ದರೆ ಕಾರಣ ಸಿಕ್ಕಿತು. ಹಳೆಯ ಪಟ್ಟಿಯನ್ನು ಅಳಿಸಿ ಅದರ ಮೇಲೆ ಹೊಸದು ಬರೆದಿದ್ದೀರಿ. ಉಬುಂಟುವಿನಲ್ಲಿ ಎರರ್ ಮೆಸೇಜೇ ಇದನ್ನು ಹೇಳುತ್ತದೆ. ಎಲ್‌ಎಸ್ /ಬಿನ್ ಮತ್ತು /ಯುಎಸ್‌ಆರ್/ಬಿನ್ ಒಳಗೆ ಇದೆ, ಆದರೆ ಆ ಫೋಲ್ಡರುಗಳು ಪಾತ್‌ನಲ್ಲಿಲ್ಲ ಎಂದು ಬರುತ್ತದೆ. ಮೆಸೇಜ್ ಉದ್ದವಾಗಿದೆ ಎಂದು ಓದದೇ ಬಿಡುವವರೇ ಜಾಸ್ತಿ. ಪೂರ್ತಿ ಓದಿ.

ಈಗ ಈ ಕಿಟಕಿಯ ಮಟ್ಟಿಗೆ ತಾತ್ಕಾಲಿಕವಾಗಿ ಸರಿ ಮಾಡಿಕೊಳ್ಳಿ:

ಎಕ್ಸ್‌ಪೋರ್ಟ್ ಪಾತ್=/ಯುಎಸ್‌ಆರ್/ಬಿನ್:/ಬಿನ್

ಎಲ್‌ಎಸ್, ನ್ಯಾನೋ ಎಲ್ಲ ವಾಪಸ್ ಬಂದವು ಅಲ್ವಾ? ಕೆಲಸ ಮುಗಿಯುವವರೆಗೆ ಈ ಕಿಟಕಿಯನ್ನು ಮುಚ್ಚಬೇಡಿ.

ಸಾಲು ತಿದ್ದುವುದು

ತೆರೆಯುವ ಮೊದಲು ಒಂದು ಕಾಪಿ ಇಟ್ಟುಕೊಳ್ಳಿ:

ಸಿಪಿ ~/.ಬ್ಯಾಶ್‌ಆರ್‌ಸಿ ~/.ಬ್ಯಾಶ್‌ಆರ್‌ಸಿ.ಬ್ಯಾಕ್

ಆಮೇಲೆ ನ್ಯಾನೋದಲ್ಲಿ ಫೈಲ್ ತೆರೆದು ಸೀದಾ ಕೊನೆಗೆ ಹೋಗಿ. ಸೇರಿಸಿದ ಸಾಲುಗಳು ಬಹುತೇಕ ಅಲ್ಲೇ ಇರುತ್ತವೆ. ಸರಿಯಾದ ಸಾಲು ಹೀಗಿರಬೇಕು:

ಎಕ್ಸ್‌ಪೋರ್ಟ್ ಪಾತ್="$ಪಾತ್:$ಹೋಮ್/ಬಿನ್"

ಇದರಲ್ಲಿ ಪ್ರಾಣ ಇರುವುದು $ಪಾತ್‌ನಲ್ಲಿ. ಹಳೆಯ ಪಟ್ಟಿಯನ್ನು ಹಾಗೇ ಇಟ್ಟುಕೊಂಡು ಕೊನೆಗೆ ಹೊಸದನ್ನು ಸೇರಿಸು ಎಂದು ಅದರ ಅರ್ಥ. ಅದೊಂದನ್ನು ಬಿಟ್ಟರೆ ಹಿಂದೆ ಹೇಳಿದ ಗತಿ.

ಸಮ ಚಿಹ್ನೆಯ ಅಕ್ಕಪಕ್ಕ ಜಾಗ ಬಿಡಬಾರದು. ಬೇರೆ ಪ್ರೋಗ್ರಾಮಿಂಗ್ ಭಾಷೆ ಬರೆದು ಅಭ್ಯಾಸ ಇರುವವರು ಇಲ್ಲೇ ಎಡವುವುದು. ಜಾಗ ಬಿಟ್ಟರೆ ‘ನಾಟ್ ಎ ವ್ಯಾಲಿಡ್ ಐಡೆಂಟಿಫೈಯರ್’ ಎಂಬ ಎರರ್ ಬರುತ್ತದೆ. ಮುಂದೆ ಎಕ್ಸ್‌ಪೋರ್ಟ್ ಇಲ್ಲದೆ ಬರೆದಿದ್ದರೆ ಶೆಲ್ ‘ಪಾತ್’ ಎಂಬ ಕಮಾಂಡನ್ನೇ ಹುಡುಕಿ, ಸಿಗಲಿಲ್ಲ ಅನ್ನುತ್ತದೆ.

ಉದ್ಧರಣ ಚಿಹ್ನೆಗಳ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ವೆಬ್‌ಪೇಜಿನಿಂದಲೋ ವರ್ಡ್ ಫೈಲಿನಿಂದಲೋ ಕಾಪಿ ಮಾಡಿದ ಸಾಲಿನಲ್ಲಿ ನೇರ ಚಿಹ್ನೆಯ ಬದಲು ಬಾಗಿದ ಚಿಹ್ನೆ “ ಬಂದಿರುತ್ತದೆ. ಕಣ್ಣಿಗೆ ವ್ಯತ್ಯಾಸ ಅಷ್ಟಾಗಿ ಕಾಣದು. ಶೆಲ್‌ಗೆ ಮಾತ್ರ ಅದು ಚಿಹ್ನೆಯೇ ಅಲ್ಲ, ಫೋಲ್ಡರಿನ ಹೆಸರಿನ ಒಂದು ಅಕ್ಷರ. ಪಟ್ಟಿಯ ಮೊದಲ ಮತ್ತು ಕೊನೆಯ ಫೋಲ್ಡರ್ ಎರಡೂ ಹಾಳು. ಒಂಟಿ ಉದ್ಧರಣ ಹಾಕಿದರೂ ಕಷ್ಟ. ಅದರೊಳಗೆ $ಪಾತ್ ತನ್ನ ಬೆಲೆಗೆ ಬದಲಾಗದೆ ಬರೀ ಅಕ್ಷರಗಳಾಗಿಯೇ ಉಳಿಯುತ್ತದೆ. ಇನ್ನು ~ ಚಿಹ್ನೆ ಉದ್ಧರಣದ ಒಳಗೆ ಬಂದರೆ ಅದು ಹೋಮ್ ಫೋಲ್ಡರ್ ಆಗುವುದಿಲ್ಲ. ಅದಕ್ಕೇ ಮೇಲಿನ ಸಾಲಿನಲ್ಲಿ $ಹೋಮ್ ಎಂದು ಬರೆದಿರುವುದು. ನನ್ನ ಸಲಹೆ ಇಷ್ಟೇ: ಈ ಒಂದು ಸಾಲನ್ನು ಕಾಪಿ ಮಾಡಬೇಡಿ, ಕೈಯಾರೆ ಟೈಪ್ ಮಾಡಿ.

ವಿಂಡೋಸ್‌ನಲ್ಲಿ ಬರೆದ ಫೈಲನ್ನು ಲಿನಕ್ಸಿಗೆ ತಂದವರಿಗೆ ಬೇರೆಯೇ ತೊಂದರೆ. ಎರರ್‌ನಲ್ಲಿ \ಆರ್ ಎಂದು ಕಂಡರೆ ಪ್ರತಿ ಸಾಲಿನ ಕೊನೆಯಲ್ಲಿ ಕಾಣದ ಅಕ್ಷರವೊಂದು ಕೂತಿದೆ ಎಂದರ್ಥ. ‘ಕ್ಯಾಟ್ -ಎ’ ಹಾಕಿ ಫೈಲ್ ನೋಡಿದರೆ ಅದು ^ಎಂ ಎಂದು ಕಾಣುತ್ತದೆ (ಈ ಎ ಕೂಡ ಕ್ಯಾಪಿಟಲ್). ಡಾಸ್2ಯೂನಿಕ್ಸ್ ಎಂಬ ಪುಟ್ಟ ಪ್ರೋಗ್ರಾಮ್ ಅದನ್ನು ತೆಗೆದುಹಾಕುತ್ತದೆ.

ಜಾವಾ ಹಾಕಿಕೊಳ್ಳುವವರು ಗಮನಿಸಿ. ಜಾವಾ_ಹೋಮ್‌ಗೆ ಜೆಡಿಕೆ (ಜಾವಾ ಪ್ರೋಗ್ರಾಮ್ ಬರೆಯಲು ಬೇಕಾದ ಸಾಫ್ಟ್‌ವೇರ್) ಇರುವ ಫೋಲ್ಡರನ್ನು ಕೊಡಬೇಕು. ಉಬುಂಟುವಿನಲ್ಲಿ ಅದು /ಯುಎಸ್‌ಆರ್/ಲಿಬ್/ಜೆವಿಎಂ ಒಳಗಿರುತ್ತದೆ. ಕೊನೆಗೆ /ಬಿನ್ ಸೇರಿಸಬಾರದು. ಪಾತ್‌ಗೆ ಮಾತ್ರ $ಜಾವಾ_ಹೋಮ್/ಬಿನ್ ಹೋಗಬೇಕು. ಇವೆರಡನ್ನು ಅದಲುಬದಲು ಮಾಡಿದರೆ ಜಾವಾ ನಡೆಯುತ್ತದೋ ಏನೋ, ಜಾವಾ ಪ್ರಾಜೆಕ್ಟ್ ಕಟ್ಟುವ ಮೇವನ್ ಮಾತ್ರ ಜಾವಾ_ಹೋಮ್ ಸರಿಯಿಲ್ಲ ಎಂದು ನಿಂತುಬಿಡುತ್ತದೆ.

ಪರೀಕ್ಷೆ ಮಾಡುವುದು

ಸೇವ್ ಮಾಡಿದ ಮೇಲೆ, ಹಳೆಯ ಕಿಟಕಿಯಲ್ಲೇ:

ಬ್ಯಾಶ್ -ಎನ್ ~/.ಬ್ಯಾಶ್‌ಆರ್‌ಸಿ

ಇದು ಫೈಲನ್ನು ಓಡಿಸದೆ, ಸುಮ್ನೆ ಓದಿ ವ್ಯಾಕರಣ ನೋಡುತ್ತದೆ. ಏನೂ ಹೇಳದಿದ್ದರೆ ಒಳ್ಳೆಯದು. ಮುಚ್ಚದ ಉದ್ಧರಣ ಇದ್ದರೆ ‘ಅನ್‌ಎಕ್ಸ್‌ಪೆಕ್ಟೆಡ್ ಇಒಎಫ್’ ಅನ್ನುತ್ತದೆ. ಆಗ ಅದು ತೋರಿಸಿದ ಸಾಲಿನಿಂದ ಮೇಲಕ್ಕೆ ಹುಡುಕುತ್ತಾ ಹೋಗಿ. ಆದರೆ ಸಮ ಚಿಹ್ನೆಯ ಪಕ್ಕದ ಜಾಗ, ಬಿಟ್ಟುಹೋದ $ಪಾತ್ ಇಂಥವು ಇದರ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಹೊಸ ಟರ್ಮಿನಲ್ ತೆರೆದು ಮತ್ತೆ ‘ಎಕೋ "$ಪಾತ್"’ ನೋಡಲೇಬೇಕು. ಇದ್ದ ಕಿಟಕಿಯಲ್ಲೇ, ಫೈಲನ್ನು ಮತ್ತೆ ಓಡಿಸುವ ಸೋರ್ಸ್ ಕಮಾಂಡನ್ನು ಮತ್ತೆ ಮತ್ತೆ ಹೊಡೆದರೆ ಅದೇ ಫೋಲ್ಡರ್ ಪ್ರತಿ ಸಲ ಸೇರಿಕೊಂಡು ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ.

ಎಷ್ಟು ತಿದ್ದಿದರೂ ಸರಿಹೋಗದಿದ್ದರೆ ಡೆಬಿಯನ್ ಮತ್ತು ಉಬುಂಟುಗಳಲ್ಲಿ /ಇಟಿಸಿ/ಸ್ಕೆಲ್ ಒಳಗೆ ಮೂಲ ಬ್ಯಾಶ್‌ಆರ್‌ಸಿ ಇದೆ. ಅದನ್ನು ಹೋಮ್ ಫೋಲ್ಡರಿಗೆ ಕಾಪಿ ಮಾಡಿಕೊಂಡು, ನಿಮ್ಮ ಸಾಲುಗಳನ್ನು ಒಂದೊಂದಾಗಿ ಸೇರಿಸಿ.

ಸಾಲು ಸರಿಯಿದ್ದೂ ಕೆಲಸ ಮಾಡದಿದ್ದರೆ

ಆಗ ಫೈಲೇ ತಪ್ಪು. ಮ್ಯಾಕ್‌ನಲ್ಲಿ 2019ರ ಕ್ಯಾಟಲೀನಾ ಆವೃತ್ತಿಯಿಂದ ಹೊಸ ಬಳಕೆದಾರರಿಗೆ ಸಿಗುವುದು ಬ್ಯಾಶ್ ಅಲ್ಲ, ಝಡ್‌ಶೆಲ್. ಅಲ್ಲಿ .ಝಡ್‌ಎಸ್‌ಎಚ್‌ಆರ್‌ಸಿ ಫೈಲಿಗೆ ಬರೆಯಬೇಕು. ಲಿನಕ್ಸಿನಲ್ಲಿ ಇನ್ನೊಂದು ತೊಡಕು ಇದೆ. ಲಾಗಿನ್ ಆಗುವಾಗ ಬ್ಯಾಶ್ ಮೊದಲು .ಬ್ಯಾಶ್_ಪ್ರೊಫೈಲ್ ಎಂಬ ಇನ್ನೊಂದು ಸ್ಟಾರ್ಟಪ್ ಫೈಲ್ ಹುಡುಕುತ್ತದೆ. ಅದು ಸಿಕ್ಕರೆ ಅಂಥದ್ದೇ ಇನ್ನೊಂದು ಫೈಲಾದ .ಪ್ರೊಫೈಲ್ ಕಡೆ ತಿರುಗಿಯೂ ನೋಡುವುದಿಲ್ಲ. ಯಾವುದಾದರೂ ಇನ್‌ಸ್ಟಾಲರ್ ನಿಮಗೆ ಹೇಳದೆ ಆ ಫೈಲ್ ಹುಟ್ಟುಹಾಕಿದ್ದರೆ, ಅಲ್ಲಿಯವರೆಗೆ .ಪ್ರೊಫೈಲ್‌ನಲ್ಲಿದ್ದದ್ದೆಲ್ಲ ನಿಂತುಹೋಗುತ್ತದೆ.

ನಿಗದಿತ ಸಮಯಕ್ಕೆ ಕೆಲಸ ಓಡಿಸುವ ಕ್ರಾನ್‌ನಲ್ಲಿ ಹಾಕಿದ ಕೆಲಸಕ್ಕೆ ಮಾತ್ರ ನಿಮ್ಮ ಪಾತ್ ಸಿಗುತ್ತಿಲ್ಲವೇ? ಕ್ರಾನ್ ಬ್ಯಾಶ್‌ಆರ್‌ಸಿಯನ್ನು ಓದುವುದೇ ಇಲ್ಲ. ಅದಕ್ಕೆ ಬೇಕಾದ ಪಾತ್ ಸಾಲನ್ನು ಕ್ರಾನ್‌ಟ್ಯಾಬಿನ (ಕ್ರಾನ್ ಕೆಲಸಗಳ ಪಟ್ಟಿಯ ಫೈಲಿನ) ಮೊದಲಲ್ಲೇ ಬರೆಯಿರಿ. ಅಲ್ಲಿ $ಪಾತ್, $ಹೋಮ್ ಯಾವುದೂ ನಡೆಯುವುದಿಲ್ಲ. ಪ್ರತಿ ಫೋಲ್ಡರನ್ನೂ ಪೂರ್ತಿ ಹೆಸರಿನಲ್ಲಿ ಕೊಡಬೇಕು.