ತಾಮ್ರದ ಗೆರೆ ಕಂಡರೆ ಸಾಲದು: ಕೊಸ್ಟೊವೈಟ್ ಪತ್ತೆ ಹೇಗೆ?

ಒಂದು ಚಿನ್ನ, ಒಂದು ತಾಮ್ರ, ನಾಲ್ಕು ಟೆಲ್ಯೂರಿಯಂ ಪರಮಾಣು: ಇದು ಕೊಸ್ಟೊವೈಟ್‌ನ ಸೂತ್ರ. ಬಲ್ಗೇರಿಯಾದ ಚೆಲೊಪೆಚ್ ಗಣಿಯ ಅದಿರಿನಲ್ಲಿ ಸಿಕ್ಕ ಈ ಖನಿಜದ ವಿವರಣೆ 1966ರಲ್ಲಿ ಪ್ರಕಟವಾಯಿತು. ಹೆಸರು ಅಲ್ಲಿನ ಖನಿಜವಿಜ್ಞಾನಿ ಇವಾನ್ ಕೊಸ್ಟೊವ್ ಅವರದು. ಕಣಗಳು ತೀರಾ ಸಣ್ಣವು, ಬರಿಗಣ್ಣಿನಿಂದ ಹುಡುಕಿ ಪ್ರಯೋಜನವಿಲ್ಲ.

ಮೊದಲು ಅದಿರಿನ ತುಂಡನ್ನು 25 ಮಿ.ಮೀ. ಅಚ್ಚಿನಲ್ಲಿಟ್ಟು ಎಪಾಕ್ಸಿ ಅಂಟು ಸುರಿಯಿರಿ. ಗಟ್ಟಿಯಾದ ಮೇಲೆ 240ರಿಂದ 1200ರವರೆಗಿನ ಸಂಖ್ಯೆಯ ಸಿಲಿಕಾನ್ ಕಾರ್ಬೈಡ್ ಉಜ್ಜುಕಾಗದದಲ್ಲಿ ಉಜ್ಜಿ, ಬಳಿಕ 6, 3, 1 ಮೈಕ್ರಾನ್ ಡೈಮಂಡ್ ಪೇಸ್ಟ್‌ನಿಂದ ಹೊಳಪು ಕೊಡಿ. ಹೆಚ್ಚು ಕೆಡುವುದು ಇಲ್ಲೇ. ಟೆಲ್ಯುರೈಡ್‌ಗಳು (ಟೆಲ್ಯೂರಿಯಂ ಇರುವ ಇಂಥ ಖನಿಜಗಳು) ಮೆದು, ಪಕ್ಕದ ಪೈರೈಟ್ (ಕಬ್ಬಿಣದ ಸಲ್ಫೈಡ್) ಗಟ್ಟಿ. ಮೃದು ಬಟ್ಟೆಯ ಮೇಲೆ ಬಹಳ ಹೊತ್ತು ತಿಕ್ಕಿದರೆ ಪೈರೈಟ್ ಉಬ್ಬಿ ನಿಂತು ಟೆಲ್ಯುರೈಡ್ ತಗ್ಗಾಗುತ್ತದೆ. ಬಿಗಿಯಾದ ಬಟ್ಟೆ, ಹಗುರ ಒತ್ತಡ ಸಾಕು. ಪ್ರತಿ ಹಂತದ ನಡುವೆ ಚೆನ್ನಾಗಿ ತೊಳೆಯದಿದ್ದರೆ ಉಳಿದ ಒರಟು ಪುಡಿ ಗೀರು ಬಿಡುತ್ತದೆ.

ಅದಿರು ಸೂಕ್ಷ್ಮದರ್ಶಕದಲ್ಲಿ ಬಿಳಿಚು ಕಣ ಹುಡುಕಿ. ಅಡ್ಡ ಧ್ರುವಕಗಳ (ಬೆಳಕನ್ನು ಒಂದೇ ದಿಕ್ಕಿನ ಕಂಪನಕ್ಕೆ ಸೀಮಿತಗೊಳಿಸುವ, ಒಂದಕ್ಕೊಂದು ಲಂಬವಾಗಿಟ್ಟ ಎರಡು ಸೋಸುಕಗಳ) ನಡುವೆ ವೇದಿಕೆ ತಿರುಗಿಸಿದಾಗ ಅದರ ಬೆಳಕು ಎದ್ದು ಕಾಣುವಂತೆ ಬದಲಾಗಬೇಕು. ಬೆಳ್ಳಿ ಇರುವ ಸಿಲ್ವನೈಟ್ ಕೂಡ ಹೀಗೇ ವರ್ತಿಸುವುದರಿಂದ ಇಲ್ಲಿಗೇ ತೀರ್ಮಾನ ಬೇಡ.

ಮುಂದೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ. ಎಲೆಕ್ಟ್ರಾನ್ ಕಿರಣ ಬಡಿದಾಗ ಪ್ರತಿ ಧಾತು ತನ್ನದೇ ಎಕ್ಸ್-ಕಿರಣ ಹೊಮ್ಮಿಸುತ್ತದೆ; ಅಳತೆಯಲ್ಲಿ ಅದು ಆ ಧಾತುವಿನ ‘ಗೆರೆ’ಯಾಗಿ ಕಾಣುತ್ತದೆ. ಲೇಪ ಇಂಗಾಲದ್ದೇ ಆಗಿರಲಿ. ಚಿನ್ನದ ಲೇಪ ಕೊಟ್ಟರೆ ಇಡೀ ಮಾದರಿಯೇ ಚಿನ್ನದ ಅದಿರಾಗಿ ತೋರುತ್ತದೆ! ವೋಲ್ಟೇಜ್ 20 ಕಿಲೋವೋಲ್ಟ್ ಇಟ್ಟುಕೊಳ್ಳಿ. ಶುದ್ಧ ಕೊಸ್ಟೊವೈಟ್‌ನಲ್ಲಿ ತೂಕದ ಲೆಕ್ಕದಲ್ಲಿ ಚಿನ್ನ ಶೇ 25.5, ತಾಮ್ರ 8.2, ಟೆಲ್ಯೂರಿಯಂ 66.2ರಷ್ಟು ಇರಬೇಕು.

ತಾಮ್ರದ ಗೆರೆ ನಂಬಬೇಕಾದರೆ ಮೂರು ಅನುಮಾನ ಕಳೆಯಬೇಕು. ಮೊದಲನೆಯದು, ಚೆಲೊಪೆಚ್ ಅದಿರಿನಲ್ಲಿ ಎನಾರ್ಗೈಟ್, ಚಾಲ್ಕೊಪೈರೈಟ್‌ನಂಥ ತಾಮ್ರದ ಸಲ್ಫೈಡ್‌ಗಳು ಪಕ್ಕದಲ್ಲೇ ಇರುತ್ತವೆ. ಕಣ ಚಿಕ್ಕದಾದರೆ ಕಿರಣ ನೆರೆಯ ಕಣಕ್ಕೂ ತಾಗುತ್ತದೆ. ಗಂಧಕವೂ ಬಂದರೆ ನೆರೆಯದೇ ಗುರುತು. ಆದರೆ ಚಿನ್ನದ ಒಂದು ಗೆರೆ ಗಂಧಕದ ಗೆರೆಗೆ ಅಂಟಿಕೊಂಡಂತಿರುತ್ತದೆ, ಹುಷಾರು. ಎರಡನೆಯದು, ಕಣದಿಂದ ಹೊಮ್ಮುವ ಚಿನ್ನದ ಎಕ್ಸ್-ಕಿರಣವೇ ಪಕ್ಕದ ತಾಮ್ರವನ್ನು ಕೆರಳಿಸುತ್ತದೆ; ಗಂಧಕ ಕಾಣದಿದ್ದರೂ ತಾಮ್ರ ತೋರಬಹುದು. ಆದ್ದರಿಂದ ನಡುವಿನಲ್ಲಿ, ಅಂಚಿನಲ್ಲಿ ಅಳೆದು ನೋಡಿ. ನಡುವೆ ತಾಮ್ರ ಇಳಿದರೆ ಅದು ನೆರೆಯದು. ಕೊನೆಯದಾಗಿ, ಹತ್ತಿರದ ಶುದ್ಧ ಪೈರೈಟ್ ಕಣವನ್ನೂ ಅಳೆಯಿರಿ. ಅಲ್ಲೂ ತಾಮ್ರ ಬಂದರೆ ಹಿತ್ತಾಳೆಯ ಮಾದರಿ ಹಿಡಿಕೆಯನ್ನು ಅನುಮಾನಿಸಿ.

ಐದು ಮೈಕ್ರಾನ್‌ಗಿಂತ ಸಣ್ಣ ಕಣವಾದರೆ ಹಟ ಬೇಡ. ‘ಚಿನ್ನದ ಟೆಲ್ಯುರೈಡ್’ ಎಂದಷ್ಟೇ ಬರೆದು, ದೊಡ್ಡ ಕಣ ಹುಡುಕಿ.